ಕಂಬ ಬಾಗಬಾರದು: ಫೋಟೋಶಾಪ್ ಲಿಕ್ವಿಫೈನ ಫ್ರೀಜ್ ಮಾಸ್ಕ್ ಬಗ್ಗೆ

ಮದುವೆ ಆಲ್ಬಮ್ ಕೆಲಸ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲೇ ಕೂತು ಫೋಟೋ ಎಡಿಟ್ ಮಾಡಿಕೊಳ್ಳುವವರಿಗೂ ಉಪಯೋಗ ಆಗಬಹುದು. ಲಿಕ್ವಿಫೈ ಅಂದರೆ ಚಿತ್ರದ ಭಾಗಗಳನ್ನು ಬ್ರಷ್‌ನಿಂದ ಎಳೆದು, ತಳ್ಳಿ ಆಕಾರ ಬದಲಿಸುವ ಫೋಟೋಶಾಪ್ ಫಿಲ್ಟರ್. ಅದರ ಹೆಸರು ಕೇಳಿದ ತಕ್ಷಣ ಎಲ್ಲರಿಗೂ ನೆನಪಾಗುವುದು ಹೊಟ್ಟೆ ಒಳಗೆ ತಳ್ಳುವುದು, ಕೆನ್ನೆ ಇಳಿಸುವುದು, ಕಣ್ಣು ದೊಡ್ಡದು ಮಾಡುವುದು. ಅದೇ ಟೂಲ್ ಸಾಲಿನಲ್ಲಿ ಕೆಳಗಡೆ ಚಿತ್ರದ ಒಂದು ಜಾಗ ಕದಲದ ಹಾಗೆ ಹಿಡಿದಿಡುವ ಫ್ರೀಜ್ ಮಾಸ್ಕ್ ಅಂತ ಒಂದು ಬ್ರಷ್ ಇದೆ. ಅದರ ಬಗ್ಗೆ ಯಾರಾದರೂ ಹತ್ತು ನಿಮಿಷ ಕೂತು ಹೇಳಿದ್ದನ್ನು ನಾನು ನೋಡಿಲ್ಲ. ನನ್ನ ಕೆಲಸದಲ್ಲಿ ಮಾತ್ರ ಇಡೀ ಲಿಕ್ವಿಫೈಗಿಂತ ಆ ಒಂದು ಬ್ರಷ್‌ಗೇ ಬೆಲೆ ಜಾಸ್ತಿ. ಅದು ಇಲ್ಲದಿದ್ದರೆ ನಾನು ಲಿಕ್ವಿಫೈ ಮುಟ್ಟುವುದೇ ಇಲ್ಲ.

ಇದು ನನಗೆ ಗೊತ್ತಾಗಿದ್ದು ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಹಾಸನದ ಕಡೆಯ ಒಂದು ಮದುವೆ. ಧಾರೆ ಮುಗಿದ ಮೇಲೆ ತೆಗೆದ ಫೋಟೋ. ಮದುಮಗಳು ಮಂಟಪದ ಕಂಬದ ಪಕ್ಕದಲ್ಲೇ ನಿಂತಿದ್ದಳು. ಕೈ ಮೇಲೆತ್ತಿ ಹಾರ ಹಿಡಿದಿದ್ದರಿಂದ ರವಿಕೆಯ ತೋಳು ಒಂದು ಕಡೆ ಉಬ್ಬಿಕೊಂಡಿತ್ತು. ಅವಳ ತೋಳು ಹಾಗಿರಲಿಲ್ಲ, ಬಟ್ಟೆ ಹಾಗೆ ಕೂತಿತ್ತು ಅಷ್ಟೇ. ನಾನು ಚೆನ್ನಾಗಿ ಜೂಮ್ ಮಾಡಿಕೊಂಡು ಫಾರ್ವರ್ಡ್ ವಾರ್ಪ್ ಅನ್ನುವ ತಳ್ಳುವ ಬ್ರಷ್‌ನಿಂದ ಆ ಉಬ್ಬನ್ನು ಒಳಗೆ ತಳ್ಳಿದೆ. ತೋಳು ಸರಿಯಾಯಿತು. ಪಕ್ಕದ ಕಂಬ ತೋಳಿನ ಜೊತೆಗೇ ಒಳಗೆ ಬಂದಿದ್ದು ಆ ಜೂಮ್‌ನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಫೋಟೋ 12 ಇಂಚು ಎತ್ತರ, 36 ಇಂಚು ಅಗಲದ ಶೀಟಿನಲ್ಲಿ ಪ್ರಿಂಟ್ ಆಗಿ ಬಂತು. ಆಲ್ಬಮ್ ತೆಗೆದುಕೊಂಡು ಹೋಗಲು ಬಂದ ಹುಡುಗಿಯ ತಾಯಿ ಒಂದೊಂದೇ ಪುಟ ತಿರುಗಿಸುತ್ತಾ ಬಂದವರು ಅಲ್ಲಿ ನಿಂತರು. ಬೆರಳಿಟ್ಟು ಕೇಳಿದರು: ‘ಏನಪ್ಪಾ, ಈ ಕಂಬ ನಮ್ಮ ಹುಡುಗಿ ಕಡೆ ವಾಲಿಕೊಂಡಿದೆಯಲ್ಲಾ? ಛತ್ರದಲ್ಲಿ ನೆಟ್ಟಗೇ ಇತ್ತು.’

‘ತಪ್ಪು ನಂದೇ ಅಮ್ಮ, ಸರಿ ಮಾಡಿಸಿ ಕೊಡ್ತೀನಿ’ ಅಂದೆ. ಅವರು ಬೈಯಲಿಲ್ಲ. ಆ ಶೀಟನ್ನು ನನ್ನ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಹಾಕಿಸಿ ಕೊಟ್ಟೆ. ದುಡ್ಡಿನ ಮಾತು ಬಿಡಿ, ಅದಕ್ಕಿಂತ ಜಾಸ್ತಿ ಬೇಸರ ಆಗಿದ್ದು ಬೇರೆ ಕಾರಣಕ್ಕೆ. ಆ ಆಲ್ಬಮ್ ಅವರ ಮನೆಯ ಬೀರುವಿನಲ್ಲಿ ಮೂವತ್ತು ವರ್ಷ ಇರುತ್ತದೆ, ಮೊಮ್ಮಕ್ಕಳು ತೆಗೆದು ನೋಡುತ್ತಾರೆ. ಅದರಲ್ಲಿ ಬಾಗಿದ ಕಂಬ ಇರಬಾರದಿತ್ತು. ಅವತ್ತು ರಾತ್ರಿ ಕೂತು ಲಿಕ್ವಿಫೈನ ಒಂದೊಂದೇ ಬಟನ್ ಒತ್ತಿ ನೋಡಿದೆ. ಫ್ರೀಜ್ ಮಾಸ್ಕ್ ಏನು ಅಂತ ಅರ್ಥ ಆಗಿದ್ದು ಆಗಲೇ.

ಹೊಸ ಟೂಲೇನೂ ಅಲ್ಲ ಅದು. ಲಿಕ್ವಿಫೈ ಬಂದಿದ್ದು 2000ನೇ ಇಸವಿಯ ಫೋಟೋಶಾಪ್ 6ರಲ್ಲಿ, ಫ್ರೀಜ್ ಮತ್ತು ಅದನ್ನು ಅಳಿಸುವ ಥಾ, ಎರಡೂ ಆಗಲೇ ಇದ್ದವು. ಅಂದರೆ ಇಪ್ಪತ್ತೈದು ವರ್ಷದಿಂದ ಅಲ್ಲೇ ಇದೆ. ಕೆಲಸ ಸರಳ. ಯಾವ ಜಾಗ ಅಲುಗಾಡಬಾರದೋ ಅದರ ಮೇಲೆ ಬ್ರಷ್ ಆಡಿಸುತ್ತೀರಿ, ಅಲ್ಲಿ ಕೆಂಪು ಬಣ್ಣ ಬಳಿದ ಹಾಗೆ ಕಾಣುತ್ತದೆ, ಆಮೇಲೆ ನೀವು ಪಕ್ಕದಲ್ಲಿ ಎಷ್ಟೇ ಎಳೆದರೂ ತಳ್ಳಿದರೂ ಉಬ್ಬಿಸಿದರೂ ಆ ಕೆಂಪು ಜಾಗದ ಒಳಗೆ ಏನೂ ಕದಲುವುದಿಲ್ಲ. ಕೀಬೋರ್ಡಿನಲ್ಲಿ ಎಫ್ ಒತ್ತಿದರೆ ಫ್ರೀಜ್, ಡಿ ಒತ್ತಿದರೆ ಥಾ, ಡಬ್ಲ್ಯೂ ಒತ್ತಿದರೆ ಮತ್ತೆ ತಳ್ಳುವ ಬ್ರಷ್. ಈ ಮೂರು ಕೀ ಕೈಗೆ ಕೂತರೆ ಮೌಸ್ ಅತ್ತಿತ್ತ ಓಡಿಸುವ ಕೆಲಸ ತುಂಬಾ ಕಡಿಮೆ ಆಗುತ್ತದೆ.

ದರ್ಜಿ ಅಂಗಡಿಯಲ್ಲಿ ಬಟ್ಟೆಗೆ ಗುಂಡುಸೂಜಿ ಚುಚ್ಚಿ ಇನ್ನೊಂದು ತುದಿ ಹಿಡಿದು ಎಳೆಯುವುದನ್ನು ನೋಡಿದ್ದೀರಲ್ವಾ? ಸೂಜಿ ಇರುವ ಜಾಗ ಅಲ್ಲೇ ಇರುತ್ತದೆ, ಕೈ ಹಿಡಿದ ಜಾಗ ಬರುತ್ತದೆ, ಮಧ್ಯದ ಬಟ್ಟೆ ಬಿಗಿಯಾಗುತ್ತದೆ. ಫ್ರೀಜ್ ಮಾಡುವುದೂ ಹೀಗೇ. ಹರಿಯುವುದಿಲ್ಲ, ಆದರೆ ಮಧ್ಯದ್ದು ಹಿಗ್ಗುತ್ತದೆ, ಇಲ್ಲವೇ ಒತ್ತಿಕೊಳ್ಳುತ್ತದೆ. ಇದು ತಲೆಯಲ್ಲಿದ್ದರೆ ಈ ಟೂಲ್ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದು ತಾನಾಗೇ ತಿಳಿಯುತ್ತದೆ.

ಕಂಬದ ಫೋಟೋವನ್ನೇ ಮತ್ತೆ ತೆಗೆದುಕೊಳ್ಳಿ. ಕಂಬ ಫ್ರೀಜ್ ಮಾಡಿ ತೋಳು ಒಳಗೆ ತಳ್ಳಿದರೆ ತೋಳಿಗೂ ಕಂಬಕ್ಕೂ ನಡುವೆ ಇರುವ ಹಿಂದಿನ ಪರದೆ ಹಿಗ್ಗುತ್ತದೆ. ಸಾದಾ ಪರದೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಸಂದಿಯಲ್ಲಿ ಚೆಂಡು ಹೂವಿನ ಸರ ಇಳಿಬಿಟ್ಟಿದ್ದರೆ ಹೂವು ಉದ್ದುದ್ದ ಆಗಿ ಕಾಣುತ್ತದೆ. ಅಂಥ ಕಡೆ ನಾನು ಲಿಕ್ವಿಫೈನಲ್ಲಿ ಒದ್ದಾಡುವುದಿಲ್ಲ. ಮದುಮಗಳನ್ನು ಬೇರೆ ಪದರಕ್ಕೆ, ಅಂದರೆ ಬೇರೆ ಲೇಯರ್‌ಗೆ ತೆಗೆದುಕೊಂಡು, ಕೆಳಗಿನ ಲೇಯರ್‌ನಲ್ಲಿ ಅವಳ ಅಂಚಿನ ಹಿಂದಿನ ಜಾಗವನ್ನು ಹೂವಿನಿಂದಲೇ ತುಂಬಿಸಿ, ಆಮೇಲೆ ಮೇಲಿನ ಲೇಯರ್‌ಗೆ ಮಾತ್ರ ಲಿಕ್ವಿಫೈ ಹಾಕುತ್ತೇನೆ. ಒಳಗೆ ಶೋ ಬ್ಯಾಕ್‌ಡ್ರಾಪ್ ಅಂತ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಕೆಳಗಿನ ಲೇಯರ್ ಕಾಣುತ್ತಾ ಇರುತ್ತದೆ. ಕೆಲಸ ಜಾಸ್ತಿ ಆದರೂ ಫಲಿತಾಂಶ ಚೊಕ್ಕ.

ಈಗ ಬ್ರಷ್‌ನ ಸೆಟ್ಟಿಂಗ್. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ‘ಫ್ರೀಜ್ ಮಾಡಿದರೂ ಕಂಬ ಬಾಗುತ್ತದೆ’ ಅನ್ನುವವರ ತೊಂದರೆ ಬಹುತೇಕ ಇಲ್ಲೇ ಇರುತ್ತದೆ. ಬ್ರಷ್‌ಗೆ ಸೈಜ್, ಡೆನ್ಸಿಟಿ, ಪ್ರೆಷರ್ ಅಂತ ಇವೆ. ಪ್ರೆಷರ್ ಅಂದರೆ ಮಾಸ್ಕ್ ಎಷ್ಟು ಬಲವಾಗಿ ಬೀಳಬೇಕು ಅನ್ನುವುದು. ಡೆನ್ಸಿಟಿ ಕಡಿಮೆ ಇದ್ದರೆ ಬ್ರಷ್‌ನ ನಡುವೆ ಗಟ್ಟಿಯಾಗಿ, ಅಂಚಿನಲ್ಲಿ ತೆಳ್ಳಗೆ ಕೆಂಪು ಬೀಳುತ್ತದೆ. ಕೆಂಪು ತೆಳ್ಳಗಿದ್ದ ಕಡೆ ರಕ್ಷಣೆಯೂ ಅರ್ಧಂಬರ್ಧ. ಕಂಬದ ನಡುವೆ ಭದ್ರವಾಗಿದ್ದು ಅಂಚು ಮಾತ್ರ ನುಸುಳಿಕೊಂಡು ಬರುತ್ತದೆ. ಕಂಬ, ಬಾಗಿಲ ಚೌಕಟ್ಟು, ಗೋಡೆಯ ಮೂಲೆ, ಇಂಥ ನೇರ ಗೆರೆಗಳಿಗೆ ನಾನು ಡೆನ್ಸಿಟಿ 100, ಪ್ರೆಷರ್ 100 ಇಟ್ಟು, ಕಂಬದ ಅಂಚನ್ನು ದಾಟಿ ಒಂಚೂರು ಹೊರಗೂ ಬಳಿಯುತ್ತೇನೆ. ಇನ್ನೊಂದು ಅನುಕೂಲ: ಕಂಬದ ಮೇಲ್ತುದಿಯಲ್ಲಿ ಒಂದು ಸಲ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಬುಡದಲ್ಲಿ ಇನ್ನೊಂದು ಕ್ಲಿಕ್ ಮಾಡಿದರೆ ಎರಡರ ನಡುವೆ ನೇರವಾಗಿ ಮಾಸ್ಕ್ ಬೀಳುತ್ತದೆ. ಕೈ ನಡುಗುವ ಚಿಂತೆ ಇಲ್ಲ.

ಆದರೆ ಮೈ, ಕೂದಲು, ಬಟ್ಟೆಯ ಮಡಿಕೆ ಇವುಗಳಿಗೆ ಗಟ್ಟಿ ಅಂಚು ಬೇಡವೇ ಬೇಡ. ಮಾಸ್ಕ್ ಮುಗಿಯುವ ಗೆರೆಯಲ್ಲೇ ಚರ್ಮ ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ಎಳೆದ ಹಾಗೆ ಆಗಿ ಅಲ್ಲೊಂದು ಸೊಟ್ಟ ತಿರುವು ಕಾಣುತ್ತದೆ. ಅಲ್ಲಿ ಡೆನ್ಸಿಟಿ 30, 40ಕ್ಕೆ ಇಳಿಸಿ ದೊಡ್ಡ ಬ್ರಷ್‌ನಲ್ಲಿ ಸವರಿ. ಪ್ರೆಷರ್ ಕಡಿಮೆ ಮಾಡಿ ಅರ್ಧ ಮಾತ್ರ ಫ್ರೀಜ್ ಮಾಡುವುದೂ ಒಳ್ಳೆಯ ಉಪಾಯ. ಪೂರ್ತಿ ನಿಲ್ಲುವುದಿಲ್ಲ, ಆದರೆ ಹಿಂದೆ ಹಿಂದೆ ಉಳಿಯುತ್ತಾ ಬರುತ್ತದೆ. ಈ ಅರ್ಧ ಫ್ರೀಜ್ ಬಳಸುವವರು ಕಡಿಮೆ. ನೋಡಿ ಒಮ್ಮೆ.

ನಮ್ಮ ಮದುವೆ ಫೋಟೋಗಳಿಗೇ ವಿಶೇಷವಾದ ಒಂದು ತೊಂದರೆ ಹೇಳುತ್ತೇನೆ. ಮಾಸ್ಕ್‌ನ ಬಣ್ಣ ಮೊದಲಿಗೆ ಕೆಂಪು ಇರುತ್ತದೆ. ಧಾರೆ ಸೀರೆಯೂ ಕೆಂಪು, ಕುಂಕುಮವೂ ಕೆಂಪು, ಕುರ್ಚಿಯ ಮಖಮಲ್ಲೂ ಕೆಂಪು. ಎಲ್ಲಿ ಬಳಿದೆ, ಎಲ್ಲಿ ಬಿಟ್ಟೆ ಒಂದೂ ಕಾಣುವುದಿಲ್ಲ. ಬಲಗಡೆ ವ್ಯೂ ಆಯ್ಕೆಗಳಲ್ಲಿ ಮಾಸ್ಕ್ ಕಲರ್ ಇದೆ, ಅದನ್ನು ನೀಲಿಗೋ ಹಸಿರಿಗೋ ಬದಲಾಯಿಸಿಕೊಳ್ಳಿ. ಚಿಕ್ಕ ವಿಷಯ, ಆದರೆ ಅದು ಗೊತ್ತಿಲ್ಲದೆ ಎಷ್ಟೋ ಜನ ‘ಈ ಟೂಲ್ ಸರಿಯಾಗಿ ಕೆಲಸ ಮಾಡಲ್ಲ’ ಅಂತ ಬಿಟ್ಟುಬಿಡುತ್ತಾರೆ.

ಒಡವೆಗಳ ವಿಷಯಕ್ಕೆ ಬರೋಣ. ಎಳೆದಾಟವನ್ನು ಮೊದಲು ಬಯಲು ಮಾಡುವುದೇ ಒಡವೆ. ಮನುಷ್ಯರ ತೋಳು ಎಷ್ಟು ದಪ್ಪ ಅಂತ ನೋಡುವವರಿಗೆ ಗೊತ್ತಿರುವುದಿಲ್ಲ, ಆದರೆ ಕಾಸು ದುಂಡಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಕಾಸಿನ ಸರದ ಒಂದೇ ಒಂದು ಕಾಸು ಮೊಟ್ಟೆಯಾಕಾರ ಆದರೆ ಸಾಕು, ಕಣ್ಣು ಅಲ್ಲಿಗೇ ಹೋಗುತ್ತದೆ. ಜುಮಕಿ, ಬೈತಲೆ ಬೊಟ್ಟು, ಮಾಂಗಲ್ಯ, ವಂಕಿ, ಬಳೆ, ಎಲ್ಲವೂ ಹಾಗೇ. ನಾನು ಲಿಕ್ವಿಫೈ ತೆರೆದ ಕೂಡಲೇ ಮೊದಲು ಒಡವೆಗಳ ಮೇಲೆ ಎಫ್ ಬ್ರಷ್ ಆಡಿಸಿ ಆಮೇಲೆ ಉಳಿದ ಕೆಲಸ. ಕನ್ನಡಕ ಹಾಕಿದವರಿದ್ದರೆ ಫ್ರೇಮ್ ಕೂಡ. ಕನ್ನಡಕದ ಕಡ್ಡಿ ಅಲೆಅಲೆಯಾಗಿದ್ದ ಫೋಟೋಗಳನ್ನು ನಾನು ಎಷ್ಟೋ ಆಲ್ಬಮ್‌ಗಳಲ್ಲಿ ನೋಡಿದ್ದೇನೆ.

ವೇದಿಕೆಯ ಹಿಂದೆ ವಧು ವರರ ಹೆಸರು ಬರೆದ ಬೋರ್ಡ್ ಇದ್ದರೆ ಅದನ್ನೂ ಮರೆಯಬೇಡಿ. ಕನ್ನಡ ಅಕ್ಷರದ ದುಂಡು ಒಂಚೂರು ಜಗ್ಗಿದರೂ, ಒತ್ತಕ್ಷರ ಪಕ್ಕಕ್ಕೆ ಸರಿದರೂ ಓದುವಾಗ ಕಣ್ಣಿಗೆ ಚುಚ್ಚುತ್ತದೆ.

ಆದರೆ ಎಲ್ಲವನ್ನೂ ಫ್ರೀಜ್ ಮಾಡಬಾರದು. ಸೀರೆಯ ಅಂಚು ಇದಕ್ಕೆ ಒಳ್ಳೆಯ ಉದಾಹರಣೆ. ಮೊದಮೊದಲು ನಾನು ಇಳಕಲ್ ಸೀರೆಯ ಅಂಚು ನೇರವಾಗಿ ಇರಬೇಕು ಅಂತ ಅದನ್ನು ಪೂರ್ತಿ ಫ್ರೀಜ್ ಮಾಡಿ ಸೊಂಟದ ಹತ್ತಿರ ಸೀರೆಯ ಉಬ್ಬು ತಳ್ಳುತ್ತಿದ್ದೆ. ಏನಾಯಿತು ಅಂದರೆ ಮೈ ಒಂದು ಕಡೆ, ಅಂಚು ಇನ್ನೊಂದು ಕಡೆ. ಅಂಚು ಸೀರೆಯದೇ ಭಾಗ, ಸೀರೆ ಎಲ್ಲಿ ಹೋಗುತ್ತದೋ ಅಲ್ಲಿಗೆ ಅದೂ ಹೋಗಬೇಕು. ಅಲ್ಲಿ ಫ್ರೀಜ್ ಬೇಡ. ಬ್ರಷ್ ದೊಡ್ಡದು ಮಾಡಿ, ತಳ್ಳುವ ಪ್ರೆಷರ್ ಕಡಿಮೆ ಮಾಡಿ, ಇಡೀ ಭಾಗವನ್ನು ಒಟ್ಟಿಗೆ ಸ್ವಲ್ಪ ಸ್ವಲ್ಪವೇ ಸರಿಸಬೇಕು. ಯಾವುದು ಮೈಗೆ ಅಂಟಿಕೊಂಡಿದೆಯೋ ಅದನ್ನು ಜೊತೆಗೆ ಬಿಡಿ, ಯಾವುದು ನೆಲಕ್ಕೆ, ಗೋಡೆಗೆ, ಪಕ್ಕದವರಿಗೆ ಸೇರಿದೆಯೋ ಅದನ್ನು ಹಿಡಿದಿಡಿ. ನಾನು ಈಗ ಹೀಗೇ ಲೆಕ್ಕ ಹಾಕುತ್ತೇನೆ.

ಪಕ್ಕದವರು ಅಂದೆನಲ್ಲ, ಗ್ರೂಪ್ ಫೋಟೋ. ಲಿಕ್ವಿಫೈ ನಿಜವಾಗಿ ನ್ಯಾಯವಾಗಿ ಬೇಕಾಗುವುದು ಇಲ್ಲೇ ಅನ್ನಿಸುತ್ತದೆ ನನಗೆ. ವೇದಿಕೆಯ ಮೇಲೆ ಇಪ್ಪತ್ತು ಜನ ಒಟ್ಟಿಗೆ ನಿಲ್ಲುತ್ತಾರೆ, ಹಿಂದೆ ಹೋಗಲು ಫೋಟೋಗ್ರಾಫರ್‌ಗೆ ಜಾಗ ಇರುವುದಿಲ್ಲ, 16 ಅಥವಾ 20 ಎಂಎಂ ಅಗಲದ ಲೆನ್ಸ್ ಹಾಕುತ್ತಾರೆ. ನಡುವೆ ಇರುವ ವಧು ವರ ಸರಿ ಇರುತ್ತಾರೆ. ಅಂಚಿನಲ್ಲಿ ನಿಂತ ಚಿಕ್ಕಮ್ಮ, ಭಾವ, ಅವರ ಮುಖ ಅಗಲಕ್ಕೆ ಎಳೆದ ಹಾಗೆ ಆಗಿರುತ್ತದೆ. ಅದು ಅವರ ಮುಖ ಅಲ್ಲ, ಲೆನ್ಸ್ ಮಾಡಿದ ಕೆಲಸ. ಅದನ್ನು ಸರಿ ಮಾಡಿಕೊಡುವುದು ನಮ್ಮ ಜವಾಬ್ದಾರಿ ಅಂತ ನಾನು ತಿಳಿದಿದ್ದೇನೆ. ಆದರೆ ಭುಜಕ್ಕೆ ಭುಜ ತಾಗಿ ನಿಂತಿರುತ್ತಾರಲ್ಲ, ಚಿಕ್ಕಮ್ಮನ ಕೆನ್ನೆ ಒಳಗೆ ತಳ್ಳಿದರೆ ಪಕ್ಕದ ಹುಡುಗನ ಕಿವಿ ಎಳೆದುಕೊಂಡು ಬರುತ್ತದೆ. ಪಕ್ಕದ ತಲೆಯನ್ನು ಫ್ರೀಜ್ ಮಾಡಿ ಒಬ್ಬರನ್ನು ಸರಿ ಮಾಡುವುದು. ಅವರು ಸರಿಯಾದ ಮೇಲೆ ಅವರನ್ನೇ ಫ್ರೀಜ್ ಮಾಡಿ, ಹುಡುಗನನ್ನು ಬಿಡಿಸಿ, ಅವನ ಕೆಲಸ ಶುರು. ಫ್ರೀಜ್ ಮಾಡುವುದು ಮೂಲ ಚಿತ್ರವನ್ನು ಕಾಪಾಡಲು ಮಾತ್ರ ಅಂತ ಜನ ಅಂದುಕೊಳ್ಳುತ್ತಾರೆ, ಹಾಗಲ್ಲ. ಒಂದು ಸಲ ಚೆನ್ನಾಗಿ ಬಂದ ಬದಲಾವಣೆಯನ್ನೂ ಹಾಗೇ ಹಿಡಿದಿಡಬಹುದು. ರಿಕನ್‌ಸ್ಟ್ರಕ್ಟ್ ಬ್ರಷ್ (ಎಳೆದದ್ದನ್ನು ಮೊದಲಿನ ಹಾಗೆ ಮಾಡುವುದು) ಓಡಿಸಿದರೂ ಫ್ರೀಜ್ ಆದ ಜಾಗ ಹಿಂದಕ್ಕೆ ಹೋಗುವುದಿಲ್ಲ. ರಿಸ್ಟೋರ್ ಆಲ್ ಬಟನ್ ಮಾತ್ರ ಒತ್ತಬೇಡಿ, ಅದು ಫ್ರೀಜ್ ಇದೆಯೋ ಇಲ್ಲವೋ ನೋಡದೆ ಎಲ್ಲವನ್ನೂ ಮೊದಲಿನ ಹಾಗೆ ಮಾಡಿಬಿಡುತ್ತದೆ.

‘ಸ್ವಲ್ಪ ತೆಳ್ಳಗೆ ಮಾಡಿಕೊಡಿ’ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರವರ ಫೋಟೋ, ಅವರವರ ಇಷ್ಟ. ಆದರೆ ಕೇಳದವರನ್ನು ನಾವಾಗೇ ತೆಳ್ಳಗೆ ಮಾಡುವುದು, ಮುಖದ ಆಕಾರ ಬದಲಾಯಿಸುವುದು ನನಗೆ ಒಪ್ಪಿಗೆ ಇಲ್ಲ. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್‌ನಿಂದ, ಜಾಹೀರಾತಿನ ರೂಪದರ್ಶಿಯ ಮೈಯನ್ನು ತೆಳ್ಳಗೋ ದಪ್ಪಗೋ ಮಾಡಿದ್ದರೆ ಫೋಟೋ ತಿದ್ದಲಾಗಿದೆ ಅಂತ ಅದರ ಮೇಲೇ ಬರೆಯಬೇಕು. ನಮ್ಮ ಆಲ್ಬಮ್‌ಗಳಿಗೆ ಅಂಥ ನಿಯಮ ಇಲ್ಲ. ಅಜ್ಜಿಯ ಮುಖ ಅಜ್ಜಿಯ ಹಾಗೇ ಇರಲಿ. 2016ರಲ್ಲಿ ಲಿಕ್ವಿಫೈಗೆ ಬಂದ, ಮುಖವನ್ನು ತಾನೇ ಗುರುತಿಸಿ ಕಣ್ಣು ಮೂಗು ಬಾಯಿಗೆ ಒಂದೊಂದು ಸ್ಲೈಡರ್ ಕೊಡುವ ಆ ಭಾಗವನ್ನು ನಾನು ಅದಕ್ಕೇ ಹೆಚ್ಚು ಮುಟ್ಟುವುದಿಲ್ಲ. ಸ್ಲೈಡರ್ ಎಳೆಯುವುದು ಸುಲಭ ಅಂತ ಸುಮ್ನೆ ಎಳೆದುಬಿಡುತ್ತೇವೆ.

ಕೈಯಲ್ಲಿ ಬಳಿಯುವುದು ಬೇಜಾರು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಲಿಕ್ವಿಫೈ ಒಳಗೆ ಮಾಸ್ಕ್ ಆಪ್ಷನ್ಸ್ ಅಂತ ಐದು ಚಿಕ್ಕ ಚಿಹ್ನೆಗಳ ಸಾಲು ಇದೆ. ಹೊರಗೆ ಮಾಡಿಟ್ಟುಕೊಂಡ ಸೆಲೆಕ್ಷನ್ (ಚಿತ್ರದಲ್ಲಿ ಆರಿಸಿಟ್ಟ ಜಾಗ), ಲೇಯರ್ ಮಾಸ್ಕ್ (ಲೇಯರ್‌ನ ಯಾವ ಭಾಗ ಕಾಣಬೇಕು ಅಂತ ಹೇಳುವ ಮುಸುಕು), ಲೇಯರ್‌ನ ಖಾಲಿ ಜಾಗ, ಕ್ವಿಕ್ ಮಾಸ್ಕ್ (ಬ್ರಷ್‌ನಲ್ಲಿ ಬಳಿದು ಮಾಡುವ ಸೆಲೆಕ್ಷನ್) ಇವುಗಳನ್ನು ಅಲ್ಲಿಂದ ನೇರ ಫ್ರೀಜ್ ಆಗಿ ತರಬಹುದು, ಸೇರಿಸಬಹುದು, ಕಳೆಯಬಹುದು. ಉಲ್ಟಾ ಬಂದರೆ ಇನ್ವರ್ಟ್ ಆಲ್ ಒತ್ತಿದರೆ ಆಯಿತು. ಒಂದು ಯಕ್ಷಗಾನದ ಪೋಸ್ಟರ್‌ಗೆ ನಾನು ಇದನ್ನು ಬಳಸಿದೆ. ವೇಷದ ಹಿಂದೆ ರಂಗಸ್ಥಳದ ಬೆಳಕು, ಹೊಗೆ. ಅವೆಲ್ಲಾ ಸುಳಿಯ ಹಾಗೆ ತಿರುಗಬೇಕು, ಆದರೆ ವೇಷ ಒಂದು ಕೂದಲೆಳೆಯೂ ಕದಲಬಾರದು, ಕಿರೀಟದ ಕೆತ್ತನೆ, ಎದೆಯ ಕಟ್ಟು, ಮುಖವರ್ಣಿಕೆಯ ಗೆರೆ ಯಾವುದೂ. ಅವನ್ನೆಲ್ಲಾ ಬ್ರಷ್‌ನಲ್ಲಿ ಬಳಿಯುತ್ತಾ ಕೂತರೆ ಅರ್ಧ ದಿನ. ಚಿತ್ರದ ಮುಖ್ಯ ವ್ಯಕ್ತಿಯನ್ನು ತಾನೇ ಗುರುತಿಸಿ ಆರಿಸುವ ಸೆಲೆಕ್ಟ್ ಸಬ್ಜೆಕ್ಟ್ ಒತ್ತಿದೆ, ಕಿರೀಟದ ಅಂಚು ಸ್ವಲ್ಪ ಬಿಟ್ಟಿತ್ತು, ಅದನ್ನು ಕೈಯಲ್ಲಿ ಸೇರಿಸಿದೆ, ಸೆಲೆಕ್ಷನ್ ಸೇವ್ ಮಾಡಿಟ್ಟೆ, ಲಿಕ್ವಿಫೈ ಒಳಗೆ ತಂದು ಸುಳಿಯ ಹಾಗೆ ತಿರುಗಿಸುವ ಟ್ವರ್ಲ್ ಬ್ರಷ್ ಹಿಡಿದೆ. ಹತ್ತೇ ನಿಮಿಷದ ಕೆಲಸ, ಬಹಳ ಖುಷಿ ಕೊಟ್ಟಿತು. ಸೆಲೆಕ್ಷನ್ ಸೇವ್ ಮಾಡಿಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಮರುದಿನ ಗಿರಾಕಿ ‘ಇನ್ನೊಂಚೂರು ಸುಳಿ ಜಾಸ್ತಿ ಬೇಕಿತ್ತು’ ಅಂದಾಗ ಅದೇ ಕೆಲಸಕ್ಕೆ ಬರುತ್ತದೆ.

‘ಇಷ್ಟೆಲ್ಲಾ ಯಾಕೆ, ಪೂರ್ತಿ ಎಳೆದು ಆಮೇಲೆ ಲೇಯರ್ ಮಾಸ್ಕ್ ಹಾಕಿ ಹಳೇ ಕಂಬ ಮತ್ತೆ ತೋರಿಸಿದರೆ ಆಗಲ್ವಾ?’ ಅಂತ ಒಬ್ಬ ಗೆಳೆಯ ಕೇಳಿದ. ಕೆಲವು ಸಲ ಆಗುತ್ತದೆ. ಆದರೆ ಎರಡೂ ಒಂದೇ ಅಲ್ಲ. ಲೇಯರ್ ಮಾಸ್ಕ್ ಅಂದರೆ ಎರಡು ಫೋಟೋ ಒಂದರ ಮೇಲೊಂದು ಇಟ್ಟು ಮೇಲಿನದನ್ನು ಕತ್ತರಿಸಿದ ಹಾಗೆ. ಕತ್ತರಿಸಿದ ಗೆರೆಯಲ್ಲಿ ಒಂದು ಕಡೆ ಎಳೆದ ಚಿತ್ರ, ಇನ್ನೊಂದು ಕಡೆ ಎಳೆಯದ ಚಿತ್ರ. ಅಲ್ಲಿ ಒಂದು ತೋರಣ ಹಾದು ಹೋಗಿದ್ದರೆ ಅದು ಎರಡು ತುಂಡಾಗುತ್ತದೆ, ಅಂಚನ್ನು ಮೆದು ಮಾಡಿದರೆ ನೆರಳಿನ ಹಾಗೆ ಜೋಡಿಯಾಗಿ ಕಾಣುತ್ತದೆ. ಫ್ರೀಜ್‌ನಲ್ಲಿ ತೋರಣ ತುಂಡಾಗುವುದಿಲ್ಲ, ಬಾಗಬಹುದು ಅಷ್ಟೇ. ಸಾದಾ ಗೋಡೆಯಾದರೆ ಲೇಯರ್ ಮಾಸ್ಕ್ ಸಾಕು.

ಲಿಕ್ವಿಫೈ ಬಿಟ್ಟು ಫಿಲ್ಟರ್ ಮೆನುವಿನ ಡಿಸ್ಟಾರ್ಟ್ ಪಟ್ಟಿಯಲ್ಲಿ ರಿಪಲ್, ವೇವ್, ಟ್ವರ್ಲ್, ಸ್ಫೆರೈಜ್ ಎಲ್ಲ ಇವೆ. ಅವುಗಳಿಗೆ ಫ್ರೀಜ್ ಇಲ್ಲ. ಸೆಲೆಕ್ಷನ್ ಅಥವಾ ಮಾಸ್ಕ್‌ನಲ್ಲೇ ಸುಧಾರಿಸಿಕೊಳ್ಳಬೇಕು. ಡಿಸ್‌ಪ್ಲೇಸ್ ಮಾತ್ರ ಬೇರೆ ಥರ, ನನಗೆ ಬಹಳ ಇಷ್ಟ. ಅದಕ್ಕೆ ಇನ್ನೊಂದು ಕಪ್ಪು ಬಿಳುಪು ಫೈಲನ್ನು ನಕ್ಷೆಯಾಗಿ ಕೊಡಬೇಕು. ಆ ಫೈಲಿನಲ್ಲಿ ಬಣ್ಣದ ಬೆಲೆ 0 ಇದ್ದ ಕಡೆ ಚಿತ್ರ ಒಂದು ದಿಕ್ಕಿಗೆ ಪೂರ್ತಿ ಸರಿಯುತ್ತದೆ, 255 ಇದ್ದ ಕಡೆ ಎದುರು ದಿಕ್ಕಿಗೆ, 128ರ ನಡು ಬೂದು ಇದ್ದ ಕಡೆ ಸರಿಯುವುದೇ ಇಲ್ಲ. ಅಂದರೆ ನಕ್ಷೆಯಲ್ಲಿ ಬೂದು ಬಳಿದ ಜಾಗ ಫ್ರೀಜ್ ಆದ ಹಾಗೇ! ರಾಜ್ಯೋತ್ಸವದ ಪೋಸ್ಟರ್‌ನಲ್ಲಿ ಬಾವುಟದ ಮಡಿಕೆಯ ಮೇಲೆ ಅಕ್ಷರ ಕೂರಿಸುವಾಗ ಮಡಿಕೆಯ ನಕ್ಷೆ ಮಾಡಿಕೊಂಡು, ಒತ್ತಕ್ಷರ ಬರುವ ಜಾಗಕ್ಕೆ ಮೆತ್ತಗಿನ ಬ್ರಷ್‌ನಲ್ಲಿ ಬೂದು ಸವರಿದೆ. ಅಕ್ಷರ ಬಟ್ಟೆಯ ಜೊತೆ ತೂಗಿತು, ಒತ್ತಕ್ಷರವೂ ಓದಲು ಬಂತು.

ಇನ್ನೊಂದು ಇದಕ್ಕೆ ಹತ್ತಿರದ್ದು, ಆಲ್ಬಮ್ ಮಾಡುವವರೆಲ್ಲರೂ ದಿನಾ ಎದುರಿಸುವುದು. ಮಾಮೂಲಿ ಫೋಟೋವನ್ನು 36 ಇಂಚಿನ ಶೀಟಿಗೆ ತುಂಬಿಸಲು ಅಡ್ಡಕ್ಕೆ ಎಳೆಯುವುದು. ಸುಮ್ನೆ ಎಳೆದರೆ ಜನ ದಪ್ಪ ಆಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2008ರ ಫೋಟೋಶಾಪ್ ಸಿಎಸ್4 ಆವೃತ್ತಿಯಿಂದ ಕಂಟೆಂಟ್ ಅವೇರ್ ಸ್ಕೇಲ್ ಇದೆ. ಅದರ ಹಿಂದಿನ ಉಪಾಯವನ್ನು ಶಾಯ್ ಅವಿದಾನ್, ಏರಿಯಲ್ ಶಮೀರ್ ಅನ್ನುವವರು 2007ರಲ್ಲಿ ತೋರಿಸಿದ್ದರು: ಚಿತ್ರದಲ್ಲಿ ವಿವರ ಕಡಿಮೆ ಇರುವ ಕಡೆ ಎಳೆಎಳೆಯಾಗಿ ಸೇರಿಸುವುದು, ತೆಗೆಯುವುದು. ಮೇಲಿನ ಪಟ್ಟಿಯಲ್ಲಿ ಪ್ರೊಟೆಕ್ಟ್ ಅಂತ ಇದೆ, ನೀವು ಸೇವ್ ಮಾಡಿಟ್ಟ ಸೆಲೆಕ್ಷನ್ ಅಲ್ಲಿ ಆರಿಸಿದರೆ ಜನ ಹಾಗೇ ಉಳಿದು ಹಿಂದಿನ ಗೋಡೆ, ಆಕಾಶ ಮಾತ್ರ ಹಿಗ್ಗುತ್ತದೆ. ಚರ್ಮದ ಬಣ್ಣ ಗುರುತಿಸಿ ಕಾಪಾಡುವ ಬಟನ್ ಕೂಡ ಇದೆ, ಆದರೆ ಸೀರೆ, ಪಂಚೆ ಚರ್ಮದ ಬಣ್ಣದಲ್ಲಿ ಇರುವುದಿಲ್ಲವಲ್ಲ, ನಾನು ಸೆಲೆಕ್ಷನ್ ಮೇಲೇ ಭರವಸೆ ಇಡುತ್ತೇನೆ.

ಲಿಕ್ವಿಫೈನ ಕೊರತೆಗಳನ್ನೂ ಹೇಳಬೇಕು. ದೊಡ್ಡ ಫೈಲ್ ಆದರೆ ಭಾರ. 45 ಮೆಗಾಪಿಕ್ಸೆಲ್ ಫೋಟೋದಲ್ಲಿ ದೊಡ್ಡ ಬ್ರಷ್ ಹಿಡಿದರೆ ನನ್ನ ಹಳೆಯ ಕಂಪ್ಯೂಟರಿನಲ್ಲಿ ಕೈ ಒಂದು ಕಡೆ, ಚಿತ್ರ ಒಂದು ಕಡೆ. ಇದಕ್ಕೆ ಒಳಗೇ ಪರಿಹಾರ ಇದೆ: ಫೋಟೋದ ಚಿಕ್ಕ ಪ್ರತಿ ಮಾಡಿಕೊಂಡು ಅದರಲ್ಲಿ ಎಲ್ಲ ಕೆಲಸ ಮುಗಿಸಿ ಸೇವ್ ಮೆಶ್ ಕೊಟ್ಟು (ಮಾಡಿದ ಎಳೆದಾಟದ ನಕ್ಷೆ ಫೈಲಾಗಿ ಉಳಿಯುತ್ತದೆ), ದೊಡ್ಡ ಫೋಟೋದಲ್ಲಿ ಲೋಡ್ ಮೆಶ್ ಮಾಡಿದರೆ ಅದೇ ಬದಲಾವಣೆ ದೊಡ್ಡದಾಗಿ ಕೂರುತ್ತದೆ. ಅಕ್ಷರದ ಲೇಯರ್‌ಗೆ ನೇರ ಲಿಕ್ವಿಫೈ ಬರುವುದಿಲ್ಲ, ಮೊದಲು ಅದನ್ನು ರಾಸ್ಟರೈಜ್ ಮಾಡಿ ಮಾಮೂಲಿ ಚಿತ್ರವಾಗಿಸಬೇಕು, ಇಲ್ಲವೇ ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಕೆಡದ ಹಾಗೆ ಒಳಗೆ ಕಟ್ಟಿಟ್ಟ ಲೇಯರ್) ಮಾಡಬೇಕು. 2013ರ ಸಿಸಿ ಆವೃತ್ತಿಯಿಂದ ಸ್ಮಾರ್ಟ್ ಆಬ್ಜೆಕ್ಟ್ ಮೇಲೆ ಲಿಕ್ವಿಫೈ ಕೂರುವುದರಿಂದ ನಾನು ಫೋಟೋಗೂ ಹಾಗೇ ಮಾಡುತ್ತೇನೆ. ನಾಳೆ ಮನಸ್ಸು ಬದಲಾದರೆ ಎರಡು ಸಲ ಕ್ಲಿಕ್ ಮಾಡಿ ಮತ್ತೆ ಒಳಗೆ ಹೋಗಬಹುದು. ದೊಡ್ಡ ಕೊರತೆ ದುಡ್ಡು. ಫೋಟೋಶಾಪ್ ಒಮ್ಮೆ ಕೊಂಡು ಇಟ್ಟುಕೊಳ್ಳುವ ಸಾಫ್ಟ್‌ವೇರ್ ಆಗಿ ಉಳಿದಿಲ್ಲ, ಬಾಡಿಗೆಯ ಹಾಗೆ ಕಟ್ಟುತ್ತಲೇ ಇರಬೇಕು. ಮದುವೆ ಸೀಸನ್ ಇಲ್ಲದ ಆಷಾಢದಲ್ಲೂ ಕಟ್ಟಬೇಕು. ಚಿಕ್ಕ ಊರಿನ ಸ್ಟುಡಿಯೋಗಳಿಗೆ ಇದು ಭಾರವೇ.

ಬೇರೆ ಏನಿದೆ? ಗಿಂಪ್ ಅನ್ನುವ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಉಚಿತ, 2018ರ 2.10 ಆವೃತ್ತಿಯಿಂದ ವಾರ್ಪ್ ಟ್ರಾನ್ಸ್‌ಫಾರ್ಮ್ ಅನ್ನುವ ಟೂಲ್ ಇದೆ, ತಳ್ಳುವುದು, ಉಬ್ಬಿಸುವುದು, ಕುಗ್ಗಿಸುವುದು, ತಿರುಗಿಸುವುದು ಎಲ್ಲ ಚೆನ್ನಾಗಿ ಮಾಡುತ್ತದೆ. ಫ್ರೀಜ್ ಬ್ರಷ್ ಮಾತ್ರ ಇಲ್ಲ. ಸೆಲೆಕ್ಷನ್ ಹಾಕಿ ಅದರೊಳಗೇ ಕೆಲಸ ಮಾಡಬೇಕು, ಅಂಚಿನಲ್ಲಿ ಲೇಯರ್ ಮಾಸ್ಕ್‌ನದೇ ತೊಂದರೆ. ಕಲಿಯುವವರಿಗೆ ಸಾಕು, ಒಡವೆ ತುಂಬಿದ ಮದುವೆ ಫೋಟೋಗೆ ನನಗೆ ಸಾಲಲಿಲ್ಲ. ಅಫಿನಿಟಿ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಲಿಕ್ವಿಫೈಗೇ ಒಂದು ಬೇರೆ ಕೋಣೆ ಇದ್ದ ಹಾಗೆ ಇದೆ, ಅದರಲ್ಲಿ ಫ್ರೀಜ್, ಥಾ ಎರಡೂ ಇವೆ. ಫೋಟೋಶಾಪ್‌ನಲ್ಲಿ ಕೈ ಪಳಗಿದವರಿಗೆ ಒಂದು ಗಂಟೆಯಲ್ಲಿ ಒಗ್ಗುತ್ತದೆ. 2025ರ ಅಕ್ಟೋಬರ್‌ನಿಂದ ಅದನ್ನು ಉಚಿತ ಮಾಡಿದ್ದಾರೆ, ಕ್ಯಾನ್ವಾ ಅನ್ನುವ ಡಿಸೈನ್ ತಾಣದಲ್ಲಿ ಒಂದು ಖಾತೆ ಇದ್ದರೆ ಸಾಕು.

ನನ್ನ ಮಟ್ಟಿಗೆ ಫೋಟೋಶಾಪ್ ಲಿಕ್ವಿಫೈಗೆ ಐದಕ್ಕೆ ನಾಲ್ಕು, ಫ್ರೀಜ್ ಮಾಸ್ಕ್ ಒಂದಕ್ಕೇ ಆದರೆ ಐದಕ್ಕೆ ಐದು. ನನ್ನ ಆಲ್ಬಮ್ ಶೀಟ್‌ಗಳೆಲ್ಲಾ ಪಿಎಸ್‌ಡಿಯಲ್ಲೇ (ಫೋಟೋಶಾಪ್‌ನ ಸ್ವಂತ ಫೈಲ್) ಇರುವುದರಿಂದ ನಾನು ಸದ್ಯಕ್ಕೆ ಇದನ್ನು ಬಿಡುವುದಿಲ್ಲ. ಹೊಸದಾಗಿ ಸ್ಟುಡಿಯೋ ಇಡುತ್ತಿರುವ ತಮ್ಮಂದಿರು, ತಂಗಿಯರು ಕೇಳಿದರೆ ಮೊದಲು ಅಫಿನಿಟಿ ಹಾಕಿಕೊಂಡು ಆರು ತಿಂಗಳು ಕೆಲಸ ಮಾಡಿ ನೋಡಿ ಅನ್ನುತ್ತೇನೆ. ಯಾವುದೇ ಬಳಸಿ, ಪ್ರಿಂಟಿಗೆ ಕಳಿಸುವ ಮೊದಲು ಜೂಮ್ ಪೂರ್ತಿ ಹೊರಗೆ ತಂದು, ಮೊದಲಿನ ಚಿತ್ರ ಒಮ್ಮೆ, ಈಗಿನದು ಒಮ್ಮೆ ತೋರಿಸಿ, ಜನರನ್ನು ಬಿಟ್ಟು ಹಿಂದಿನ ಕಂಬ, ಬಾಗಿಲು, ಗೋಡೆಯ ಗೆರೆಗಳನ್ನೇ ನೋಡಿ. ಯಾವುದಾದರೂ ಕದಲಿದ್ದರೆ ಅಲ್ಲೇ ಕಾಣುತ್ತದೆ.